ಆಟಕ್ಕೂ ಒಂದು ಪೂರ್ವರಂಗ

ಬಡಗುತಿಟ್ಟಿನ ಬಯಲಾಟವನ್ನು ಕಂಡವರಿಗೆ ಪೂರ್ವರಂಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೋಡಂಗಿಯೂ ಬಾಲಗೋಪಾಲರೂ ಕುಣಿದು ಹೋದ ಮೇಲಲ್ಲವೆ ಪ್ರಸಂಗ ಮೊದಲಾಗುವುದು? ಎಳೆಯ ವೇಷಧಾರಿಗಳ ಕಾಲು ತಾಳಕ್ಕೆ ಪಳಗುತ್ತಿದ್ದುದೂ ಅಲ್ಲಿಯೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಬಯಲಾಟಕ್ಕೆ ‘ಆಟ’ವೆಂದೇ ಹೆಸರು. ಆದರೆ ಶಾಲೆಯ ಅಂಗಳದ ಆಟಕ್ಕೆ ಮಾತ್ರ ಪೂರ್ವರಂಗ ಬೇಡವೆಂದು ನಮ್ಮ ಮಕ್ಕಳು ಭಾವಿಸಿದಂತಿದೆ. ಗಂಟೆ ಹೊಡೆದೊಡನೆ ಚೆಂಡಿನ ಹಿಂದೆ ಓಡುವರು. ಕಾಲು ಉಳುಕಿಸಿಕೊಂಡು ಕುಳಿತುಬಿಡುವರು. ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಸ್ವಲ್ಪ ನೋಡಿದರೆ ಅವರಿಗೆ ಹೇಳತಕ್ಕ ಮಾತು ಸಿಕ್ಕೀತು.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಹೊರಗೆ ಆಡಲಾಗದ ಚಳಿಗಾಲಕ್ಕೆಂದು ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದರು. ಚೆಂಡನ್ನು ಹಿಡಿದು ಓಡಕೂಡದು, ಹಿಡಿದ ಜಾಗದಿಂದಲೇ ಎಸೆಯತಕ್ಕದ್ದು ಎಂಬುದು ಅವುಗಳಲ್ಲೊಂದು. ಪುಟಿಸುತ್ತ ಸಾಗುವ ಮಾತೇ ಅಲ್ಲಿರಲಿಲ್ಲ. ಎದುರಾಳಿಗಳು ಸುತ್ತುಗಟ್ಟಿದಾಗ ಬೇರೆ ದಾರಿ ಕಾಣದ ಆಟಗಾರರು ಚೆಂಡನ್ನು ನೆಲಕ್ಕೆ ಬಿಟ್ಟು ತಾವೇ ಮತ್ತೆ ಹಿಡಿಯತೊಡಗಿದರು. ಇಕ್ಕಟ್ಟಿನಲ್ಲಿ ಹುಟ್ಟಿದ ಈ ಉಪಾಯವೇ ಬೆಳೆದು ಕಲೆಯಾಯಿತು. ಹಿರಿಯರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಪುಟಿಸಿಕೊಂಡು ಬಂದವನು ಬುಟ್ಟಿಗೆ ಎಸೆಯಬಾರದೆಂಬ ಕಟ್ಟಳೆಯೂ ಕೆಲವು ಕಾಲ ಇದ್ದಿತು. 1927ರಲ್ಲಿ ಒಂದೇ ಒಂದು ಪುಟಕ್ಕೆ ಅವಕಾಶವೆಂದು ಅಲ್ಲಿನ ನಿಯಮ ಸಮಿತಿ ತೀರ್ಮಾನಿಸಿತು; ತರಬೇತುದಾರರು ಒಟ್ಟುಗೂಡಿ ವಿರೋಧಿಸಿದ್ದರಿಂದ ಆ ತೀರ್ಮಾನ ಬಿದ್ದುಹೋಯಿತು.

ಚೆಂಡು ಪುಟಿಸುವ ಕೈಚಳಕ ನಮ್ಮ ದೇಶದ ಕವಿಗಳಿಗೆ ಹೊಸದಾಗಿರಲಿಲ್ಲ. ದಂಡಿಯ ‘ದಶಕುಮಾರಚರಿತ’ದಲ್ಲಿ ಕಂದುಕಾವತಿಯೆಂಬ ರಾಜಕುಮಾರಿ ದೇವಿಯ ಆರಾಧನೆಯಾಗಿ ಚೆಂಡಾಡುತ್ತಾಳೆ. ವಿಲಂಬ, ಮಧ್ಯ, ದ್ರುತವೆಂಬ ಲಯಗಳಲ್ಲಿ ಅವಳು ಚೆಂಡನ್ನು ತಟ್ಟುವುದನ್ನೂ, ಸೋತ ಚೆಂಡನ್ನು ಬಲವಾಗಿ ಹೊಡೆದು ಎಬ್ಬಿಸುವುದನ್ನೂ ಕವಿ ಬಿಡಿಬಿಡಿಸಿ ಬಣ್ಣಿಸಿದ್ದಾನೆ. ಅಲ್ಲಿ ಬುಟ್ಟಿಯೂ ಇಲ್ಲ, ಎದುರಾಳಿಯೂ ಇಲ್ಲ. ಆದರೂ ಚೆಂಡನ್ನು ಆಳುವುದು ಲಯವೆಂಬ ತತ್ತ್ವ ಎರಡೂ ಕಡೆ ಒಂದೇ. ಇನ್ನು ದೇಹಸಾಧನೆಯ ವಿಷಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗೆ ‘ಶ್ರಮ’ವೆಂದು ಹೆಸರು. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಗರಡಿಮನೆಗಳಲ್ಲಿಯೂ ಪೈಲ್ವಾನರು ಬಸ್ಕಿ, ದಂಡಗಳಿಂದ ಮೈ ಕಾಯಿಸಿಕೊಂಡೇ ಕುಸ್ತಿಗೆ ಇಳಿಯುವರು.

ನೈಸ್ಮಿತರ ಆ ಶಾಲೆಯಲ್ಲಿಯೇ ಕಲಿತ ಎಚ್. ಸಿ. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ತರಬೇತಾದ ಉಪಾಧ್ಯಾಯರು ಹೊಸ ಆಟಗಳನ್ನು ದಕ್ಷಿಣದ ಶಾಲೆಗಳಿಗೆ ಕೊಂಡೊಯ್ದರು. 1950ರಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ರೂಪುಗೊಂಡಿತು.

ಹೊರಗೆ ಆಡಲಾಗದ ಕಾಲಕ್ಕೆಂದೇ ಹುಟ್ಟಿದ ಆಟ ಮಲೆನಾಡಿನಲ್ಲಿ ಮಳೆಗಾಲವೆಲ್ಲ ನಿಂತುಹೋಗುವುದು ವಿಚಿತ್ರವೇ ಸರಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೆಸರಾದ ಅಂಗಳದಲ್ಲಿ ಚೆಂಡು ಪುಟಿಯದು, ನಿಜ. ಆದರೆ ಶಾಲೆಗೊಂದು ಜಗಲಿ ಇದ್ದೇ ಇರುತ್ತದಷ್ಟೆ. ಥಂಡಿಗೆ ಬಿಗಿದ ಮೈಯನ್ನು ಮೊದಲು ಹತ್ತು ನಿಮಿಷ ಸಡಿಲಿಸಬೇಕು: ನಿಂತಲ್ಲೇ ನಡಿಗೆ, ಆಮೇಲೆ ಮೆಲ್ಲನೆ ಓಟ, ಹರಡು, ಮೊಣಕಾಲು, ಹೆಗಲು, ಮಣಿಕಟ್ಟುಗಳನ್ನು ತಿರುಗಿಸುವುದು. ರಕ್ತ ಸಂಚಾರ ಚುರುಕಾಗಿ ಸ್ನಾಯು ಮೆದುವಾದ ಬಳಿಕ ಚೆಂಡನ್ನು ಮುಟ್ಟಲಿ. ಅಂಗೈಯಿಂದ ಬಡಿಯದೆ ಬೆರಳುಗಳಿಂದ ಒತ್ತಿ, ಸೊಂಟಕ್ಕಿಂತ ಎತ್ತರ ಏಳದಂತೆ ಪುಟಿಸಬೇಕು. ಕಣ್ಣು ಚೆಂಡಿನ ಮೇಲಿರದೆ ಎದುರಿಗಿರಲಿ. ಮೊದಲು ವಿಲಂಬ, ಅದು ಕೈವಶವಾದ ಮೇಲೆ ಮಧ್ಯ, ಕೊನೆಗೆ ದ್ರುತ. ಬಲಗೈ ಕಲಿತಷ್ಟನ್ನೂ ಎಡಗೈಗೂ ಕಲಿಸಬೇಕು. ಒಂದೇ ಕೈ ಬಲ್ಲವನನ್ನು ಒಂದೇ ಕಡೆಯಿಂದ ತಡೆದರೆ ಸಾಕಾಗುತ್ತದೆ.

ಇದಕ್ಕೆ ಖರ್ಚಿಲ್ಲ, ಉಪಾಧ್ಯಾಯರ ತಾಳ್ಮೆಯೊಂದಿದ್ದರೆ ಆದೀತು. ಜೂನಿನಿಂದ ಜಗಲಿಯಲ್ಲಿ ಪಳಗಿದ ಕೈಗೆ, ದೀಪಾವಳಿಯ ಹೊತ್ತಿಗೆ ಅಂಗಳ ಒಣಗಿದಾಗ ಚೆಂಡು ತಾನಾಗಿ ಮಾತು ಕೇಳುತ್ತದೆ.