ಎಚ್ಚರ

ಹಳಗನ್ನಡದ 'ಎೞ್ಚರ್' ನಾಲಗೆಯ ಮೇಲೆ ಸವೆದು 'ಎಚ್ಚರ' ಆಯಿತು. 'ಎಚ್ಚೆತ್ತು' ಕೂಡ ಇದೇ ಬಳಗದ್ದು. ಬಳಕೆಯಲ್ಲಿ ಈ ಪದಕ್ಕೆ ಎರಡು ಮುಖ. ರಾತ್ರಿ ಸದ್ದಾದರೆ ನಮಗೆ ಎಚ್ಚರವಾಗುತ್ತದೆ. ರಸ್ತೆ ದಾಟುವಾಗ ಎಚ್ಚರ ವಹಿಸುತ್ತೇವೆ. ಮೊದಲನೆಯದು ತಾನಾಗಿ ಆಗುವಂಥದ್ದು, ಎರಡನೆಯದು ನಾವೇ ಮಾಡಬೇಕಾದದ್ದು.

ತಾನೇ ಓಡುವ ಕಾರುಗಳ ವಿನ್ಯಾಸಕಾರರು ತಿಣುಕುತ್ತಿರುವುದು ಈ ಎರಡರ ನಡುವಿನ ಸಂದಿನಲ್ಲೇ. ಮೂರನೇ ಹಂತದ ಸ್ವಯಂಚಾಲನೆಯಲ್ಲಿ ಚಾಲಕ ರಸ್ತೆಯಿಂದ ಕಣ್ಣು ತೆಗೆಯಬಹುದು. ಆದರೆ ಕಾರು ಕರೆದಾಗ ಚಾಲನೆಯನ್ನು ವಹಿಸಿಕೊಳ್ಳಲೇಬೇಕು. ಬೀಪ್ ಸದ್ದಿಗೆ ಕಣ್ಣು ತಟ್ಟನೆ ರಸ್ತೆಗೆ ಬರುತ್ತದೆ, ಕೈ ಸ್ಟಿಯರಿಂಗಿಗೆ. ಮುಂದಿನ ಲಾರಿ ಎಷ್ಟು ದೂರ, ಪಕ್ಕದ ಲೇನಿನಲ್ಲಿ ಯಾರಿದ್ದಾರೆ, ಕಾರು ಕೈಬಿಟ್ಟದ್ದಾದರೂ ಏಕೆ? ಇವೆಲ್ಲ ತಲೆಗಿಳಿಯಲು ಇನ್ನಷ್ಟು ಹೊತ್ತು ಬೇಕು. (ಬರೀ ಜೋರಾಗಿ ಅರಚುವ ಅಲಾರಂ ಗಾಬರಿಯನ್ನಷ್ಟೇ ಹುಟ್ಟಿಸೀತು.) ಲೇನ್ ಕಾಯ್ದುಕೊಂಡು ಓಡುವ ವಾಹನಗಳಿಗಾಗಿ ವಿಶ್ವಸಂಸ್ಥೆಯ ವೇದಿಕೆ 2020ರಲ್ಲಿ ಅಂಗೀಕರಿಸಿದ 157ನೇ ನಿಯಮ ಇದಕ್ಕೆ ಲೆಕ್ಕ ಕಟ್ಟಿದೆ: ಓಡುತ್ತಿರುವ ಕಾರಿನಲ್ಲಿ ಕರೆ ಶುರುವಾಗಿ 4 ಸೆಕೆಂಡು ಕಳೆಯುವುದರೊಳಗೆ ಅದು ತೀವ್ರವಾಗಿ, ಮೈಗೆ ತಾಕುವ ಸೂಚನೆಯೂ ಸೇರಬೇಕು. ಸೀಟಿನ ಕಂಪನವೋ ಬೆಲ್ಟಿನ ಜಗ್ಗಾಟವೋ ಆದೀತು. ಸಾಮಾನ್ಯವಾಗಿ 10 ಸೆಕೆಂಡಾದರೂ ಕಾದು, ಚಾಲಕ ಸ್ಪಂದಿಸದಿದ್ದರೆ ಕಾರು ತಾನೇ ವೇಗ ತಗ್ಗಿಸಿ ನಿಲ್ಲುವ ದಾರಿ ಹಿಡಿಯಬಹುದು.

ಘಾಟಿ ರಸ್ತೆಯ ಬೋರ್ಡಿಗೆ 'ಎಚ್ಚರಿಕೆ' ಎಂದರೆ ನಡೆದೀತು. ಮುಂದೇನು ಮಾಡಬೇಕೆಂದು ಆ ಪದ ಹೇಳುವುದಿಲ್ಲ. ಇಂಥ ಕಾರಿನ ಪರದೆಗೆ ಕನ್ನಡ ಬಂದರೆ ನನ್ನ ಮತ 'ಸ್ಟಿಯರಿಂಗ್ ಹಿಡಿಯಿರಿ' ಎಂಬುದಕ್ಕೆ.