ಮುರಿದ ನಂಬಿಕೆಗೆ ಮದ್ದು

ಕಳೆದ ಶತಮಾನದ ಆದಿಯಲ್ಲಿ ಹಾವೇರಿ ಸೀಮೆಯ ಅಗಡಿಯಿಂದ ಗಳಗನಾಥರು 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಹೊರತರುತ್ತಿದ್ದರು. ಸಂಸಾರಸ್ಥರಿಗೆ ಬೋಧೆಯೇನೋ ದೊರೆಯುತ್ತಿತ್ತು. ಸಂಗಾತಿಯ ದ್ರೋಹದಿಂದ ನೊಂದವರ ಮಾತಿಗೆ ಕಿವಿಗೊಡುವವರು ಮಾತ್ರ ವಿರಳ.

ವ್ಯಭಿಚಾರದ ಆರೋಪ ಹೊರಿಸಿ ಯೇಸುವಿನ ಮುಂದೆ ಎಳೆತಂದದ್ದು ಹೆಣ್ಣನ್ನಷ್ಟೇ. ಅವಳ ಜೊತೆಗಾರ ಎಲ್ಲಿದ್ದ? ನಮ್ಮ ಕಾನೂನೂ ಬಹುಕಾಲ ಹಾಗೆಯೇ ನಡೆಯಿತು. ಕ್ರೈಸ್ತರಿಗೆ ಅನ್ವಯಿಸುತ್ತಿದ್ದ 1869ರ ವಿಚ್ಛೇದನ ಕಾಯಿದೆಯಲ್ಲಿ ಪತಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕಿತ್ತು. ಪತ್ನಿಯಾದರೋ ಅದರೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. 2001ರ ತಿದ್ದುಪಡಿ ಈ ತಾರತಮ್ಯವನ್ನು ನೀಗಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ದಂಡಸಂಹಿತೆಯ 497ನೆಯ ಕಲಮನ್ನು ರದ್ದುಪಡಿಸಿತು. ವ್ಯಭಿಚಾರ ದಂಡನಾರ್ಹ ಅಪರಾಧವಲ್ಲವಾಯಿತು. ಮನಸ್ಸಿನ ಗಾಯ ಮಾತ್ರ ಉಳಿಯಿತು.

ಗಾಯಕ್ಕೆ ಬೇಕಾದದ್ದು ಆರೈಕೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಸಂಧಾನಕ್ಕೂ ಆಪ್ತಸಮಾಲೋಚಕರಿಗೂ ಎಡೆಮಾಡಿತು. ಸಮಾಲೋಚಕರು ತೀರ್ಪು ಕೊಡುವವರಲ್ಲ. ಇಬ್ಬರ ಮಾತನ್ನೂ ಆಲಿಸುವವರು. ತಪ್ಪಿದವರು ಆ ಸಂಬಂಧವನ್ನು ಕಡಿದುಕೊಂಡು, ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ನೊಂದವರಿಗೆ ಅಳಲು, ಸಿಟ್ಟಾಗಲು ಅವಕಾಶವಿರಬೇಕು.

ಪಾಪನಿವೇದನೆ ಮಾಡಿದಾಕ್ಷಣ ಮನೆಯಲ್ಲಿ ಎಲ್ಲವೂ ಸರಿಹೋಗಬೇಕೆಂದು ಒತ್ತಾಯಿಸುವುದು ಸಲ್ಲದು. ದೇವರ ಕ್ಷಮೆ ಉಚಿತವಾದ ವರ; ಸಂಗಾತಿಯ ನಂಬಿಕೆಯಾದರೋ ದಿನದಿನದ ನಡತೆಯಿಂದ ಮರಳಿ ಗಳಿಸಬೇಕಾದದ್ದು. ಹಿಂಸೆಯಿರುವಲ್ಲಿ ಸುರಕ್ಷತೆಯೇ ಮೊದಲು. ಕೆಲವೊಮ್ಮೆ ಬೇರ್ಪಡುವುದು ಅನಿವಾರ್ಯವೆಂಬುದನ್ನು ವಿಶ್ವಗುರು ಫ್ರಾನ್ಸಿಸರೂ 2016ರ 'ಅಮೋರಿಸ್ ಲೆತೀಸಿಯಾ' ಪ್ರೇಷಿತ ಪ್ರಬೋಧನೆಯಲ್ಲಿ ಒಪ್ಪಿದ್ದರು.

ನಿಮ್ಮ ನೆರೆಮನೆಯಲ್ಲಿ ಇಂಥ ನೋವಿದ್ದರೆ, ಕಲ್ಲನ್ನು ಕೆಳಗಿಡಿ, ಕಿವಿಯನ್ನು ಕೊಡಿ.