ದುಡಿಯಬಲ್ಲಿರೆಂದು ಬಂದ ಕಾಗದ

1981ನೆಯ ಇಸವಿ ಫೆಬ್ರುವರಿ 24ರಂದು ಅಮೆರಿಕದ ಸೇನಾ ಕಚೇರಿಯಾದ ಪೆಂಟಗನ್ನಿನಲ್ಲಿ ಒಂದು ಸಮಾರಂಭ ನಡೆಯಿತು. ಅಧಿಕಾರಕ್ಕೆ ಬಂದು ಆಗತಾನೇ ಐದು ವಾರ ಕಳೆದಿದ್ದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು, ನಿವೃತ್ತ ಸೈನಿಕ ರಾಯ್ ಬೆನವಿಡೆಜ್ ಅವರಿಗೆ ಆ ದೇಶದ ಅತ್ಯುನ್ನತ ಶೌರ್ಯ ಪದಕವಾದ 'ಮೆಡಲ್ ಆಫ್ ಆನರ್' ತೊಡಿಸಿದರು. ನಮ್ಮ ಪರಮವೀರ ಚಕ್ರಕ್ಕೆ ಸಮನಾದ ಗೌರವ ಅದು.

ಬೆನವಿಡೆಜ್ ಟೆಕ್ಸಾಸಿನ ಬಡ ಕುಟುಂಬದವರು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಬಂಧುಗಳ ಆಶ್ರಯದಲ್ಲಿ ಬೆಳೆದು, ಶಾಲೆಯನ್ನು ಅರ್ಧಕ್ಕೇ ಬಿಟ್ಟು ಸೈನ್ಯ ಸೇರಿದವರು. 1965ರಲ್ಲಿ ವಿಯೆಟ್ನಾಮಿನಲ್ಲಿ ನೆಲಬಾಂಬಿಗೆ ಸಿಕ್ಕಿದಾಗ, ಇನ್ನು ಇವರು ನಡೆಯಲಾರರೆಂದು ವೈದ್ಯರು ಹೇಳಿದ್ದರು. ಅವರು ನಡೆದರು, ಮತ್ತೆ ಯುದ್ಧಭೂಮಿಗೂ ಹೋದರು. 1968ರ ಮೇ 2ರಂದು ಶತ್ರುಗಳ ನಡುವೆ ಸಿಕ್ಕಿಬಿದ್ದ ಒಂದು ತುಕಡಿಯನ್ನು ಬಿಡಿಸಲು ಹೆಲಿಕಾಪ್ಟರಿನಿಂದ ಇಳಿದು ಆರು ಗಂಟೆಗಳ ಕಾಲ ಹೋರಾಡಿ, ಕನಿಷ್ಠ ಎಂಟು ಮಂದಿಯ ಪ್ರಾಣ ಉಳಿಸಿದರು. ಅವರ ಮೈಮೇಲೆ 37 ಗಾಯಗಳಿದ್ದವು. ಸತ್ತರೆಂದೇ ಭಾವಿಸಿ ಅವರನ್ನು ಹೆಣದ ಚೀಲಕ್ಕೆ ಹಾಕಿದ್ದರಂತೆ. 1976ರಲ್ಲಿ ನಿವೃತ್ತರಾದಾಗಲೂ ಬಾಂಬಿನ ಚೂರುಗಳು ಅವರ ಹೃದಯದ ಬಳಿ ಉಳಿದುಕೊಂಡೇ ಇದ್ದವು.

ಪದಕ ಬಂದು ಎರಡೇ ವರ್ಷ. 1983ರಲ್ಲಿ ಅದೇ ಸರ್ಕಾರದ ಸಾಮಾಜಿಕ ಭದ್ರತಾ ಇಲಾಖೆ ಅವರಿಗೆ ಇನ್ನೊಂದು ಸುದ್ದಿ ತಿಳಿಸಿತು. ನೀವು ದುಡಿಯಲು ಸಮರ್ಥರೆಂದು ಕಂಡುಬಂದಿದೆ, ಆದ್ದರಿಂದ ನಿಮ್ಮ ಅಶಕ್ತತೆಯ ವೇತನ ನಿಲ್ಲುತ್ತದೆ ಎಂಬುದು ಅದರ ಸಾರಾಂಶ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇಲ್ಲಿ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ದೂರದ ದೇಶದ ಈ ವೃತ್ತಾಂತವನ್ನು ವಾಚಕರ ಮುಂದಿಡಲು ಕಾರಣವಿದೆ. ನಮ್ಮಲ್ಲಿ ಹಲವು ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ದುಡಿಯುತ್ತಿದ್ದಾರೆ. ಅವರ ಸಂಬಳದ ಚೀಟಿಯಲ್ಲಿ ಸಾಮಾಜಿಕ ಭದ್ರತೆಯ ಬಾಬತ್ತು ನೂರಕ್ಕೆ 6.2ರಷ್ಟು ಕಡಿತವಾಗುತ್ತದೆ, ಮಾಲೀಕನೂ ಅಷ್ಟೇ ಹಣ ತುಂಬುತ್ತಾನೆ. ವೃದ್ಧಾಪ್ಯದ ಪಿಂಚಣಿಯೂ, ರೋಗದಿಂದಲೋ ಗಾಯದಿಂದಲೋ ದುಡಿಯಲಾರದವರಿಗೆ ಸಿಗುವ ವೇತನವೂ ಬರುವುದು ಈ ಹಣದಿಂದಲೇ. ಆದುದರಿಂದ ಅದು ದಾನವಲ್ಲ, ಧರ್ಮವೂ ಅಲ್ಲ. ದುಡಿದವನು ಕಂತು ಕಟ್ಟಿ ಪಡೆದ ವಿಮೆ.

ಈ ವಿಮೆ ಸುಲಭವಾಗಿ ಹುಟ್ಟಿದ್ದಲ್ಲ. 1935ರ ಸಾಮಾಜಿಕ ಭದ್ರತಾ ಕಾಯಿದೆಯಲ್ಲಿ ಅಶಕ್ತರಾದ ದುಡಿಮೆಗಾರರಿಗೆ ಇಂಥ ವಿಮೆ ಇರಲಿಲ್ಲ. 'ದುಡಿಯಲಾರೆ' ಎಂಬುದನ್ನು ಅಳೆಯುವುದು ಹೇಗೆಂಬ ಶಂಕೆ ಅಂದಿನಿಂದಲೂ ಇತ್ತು. ವೈದ್ಯರ ಸಂಘವೂ ವಿರೋಧಿಸಿತು. 1956ರಲ್ಲಿ ಸೆನೆಟ್ 47ಕ್ಕೆ 45 ಮತಗಳ ಅಲ್ಪ ಅಂತರದಿಂದ ಒಪ್ಪಿದ ಮೇಲೆ, ಆಗಸ್ಟ್ 1ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ಮೊದಲು 50 ವರ್ಷ ದಾಟಿದವರಿಗೆ ಮಾತ್ರ ಇದ್ದ ಸೌಲಭ್ಯ 1960ರಲ್ಲಿ ಕಿರಿಯರಿಗೂ ದೊರೆಯಿತು. ವೇತನ ಪಡೆಯುವ ಅಶಕ್ತ ಕಾರ್ಮಿಕರ ಸಂಖ್ಯೆ 1970ರಲ್ಲಿ ಸುಮಾರು 15 ಲಕ್ಷವಿದ್ದದ್ದು 1980ರ ವೇಳೆಗೆ 28 ಲಕ್ಷವನ್ನು ಮೀರಿತು.

ಖರ್ಚು ಹೀಗೆ ಏರಿದಾಗ ಸರ್ಕಾರಕ್ಕೆ ಚಿಂತೆ ಹತ್ತಿದ್ದು ಸಹಜವೇ. ಗುಣವಾದ ಮೇಲೂ ವೇತನ ಪಡೆಯುವವರು ಇರಲಿಲ್ಲವೆಂದು ಯಾರೂ ಹೇಳಲಾರರು. 1980ರ ಜೂನ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ತಿದ್ದುಪಡಿಯೊಂದು, ಶಾಶ್ವತವಲ್ಲದ ಪ್ರಕರಣಗಳನ್ನೆಲ್ಲ ಮೂರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕೆಂದಿತು. ಈ ಕೆಲಸ 1982ರ ಜನವರಿಯಲ್ಲಿ ಆರಂಭವಾಗಬೇಕಿತ್ತು. ಅಷ್ಟರಲ್ಲಿ ಸರ್ಕಾರದ ಲೆಕ್ಕ ತನಿಖೆಯ ಕಚೇರಿ, ವೇತನ ಪಡೆಯುವವರಲ್ಲಿ ಐವರಿಗೊಬ್ಬರು ಅನರ್ಹರಿರಬಹುದೆಂದು ವರದಿ ಮಾಡಿತು. ಖರ್ಚು ತಗ್ಗಿಸುವ ಆತುರದಲ್ಲಿದ್ದ ಹೊಸ ಸರ್ಕಾರ ಕಾಯಲಿಲ್ಲ. 1981ರ ಮಾರ್ಚಿನಲ್ಲಿ, ಎಂದರೆ ಬೆನವಿಡೆಜ್ ಅವರಿಗೆ ಪದಕ ಕೊಟ್ಟ ಮರುತಿಂಗಳೇ, ಮರುಪರಿಶೀಲನೆ ಆರಂಭವಾಯಿತು.

ಮರುಪರಿಶೀಲನೆ ತಪ್ಪಲ್ಲ, ಅದು ನಡೆದ ರೀತಿಯಲ್ಲಿ ತಪ್ಪಿತ್ತು. ಹಿಂದೆ ಒಬ್ಬನನ್ನು ಅಶಕ್ತನೆಂದು ಒಪ್ಪಿದ್ದ ತೀರ್ಮಾನಕ್ಕೆ ಯಾವ ಬೆಲೆಯೂ ಇರಲಿಲ್ಲ. ಪ್ರತಿಯೊಬ್ಬನನ್ನೂ ಹೊಸ ಅರ್ಜಿದಾರನಂತೆ ಕಂಡು, ಬಿಗಿಗೊಂಡ ಹೊಸ ಅಳತೆಗೋಲಿನಿಂದ ಅಳೆದರು. ಅವನ ರೋಗ ಗುಣವಾಗಿದೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮೈಯಲ್ಲಿ ಯಾವ ಬದಲಾವಣೆಯೂ ಆಗದೆ, ಮೇಜಿನ ಮೇಲಿನ ನಿಯಮ ಬದಲಾದದ್ದರಿಂದಲೇ ಒಬ್ಬನು ರೋಗಿಯಿಂದ ಆರೋಗ್ಯವಂತನಾಗಿಬಿಡಬಹುದಿತ್ತು! ತೀರ್ಪು ಕೊಡುವ ಅಧಿಕಾರಿ ಆ ಮನುಷ್ಯನನ್ನು ಕಣ್ಣಾರೆ ಕಾಣುತ್ತಲೂ ಇರಲಿಲ್ಲ. ಕಡತವನ್ನು ನೋಡಿಯೇ ತೀರ್ಮಾನ. ಮುಖಾಮುಖಿ ಕುಳಿತು ಹೇಳಿಕೊಳ್ಳುವ ಅವಕಾಶ ಸಿಗುತ್ತಿದ್ದುದು ಅಪೀಲಿನ ಎರಡನೆಯ ಮೆಟ್ಟಿಲಿನ ನ್ಯಾಯಾಧೀಶರ ಮುಂದೆ ಮಾತ್ರ. ಅಲ್ಲಿಗೆ ತಲಪುವಷ್ಟರಲ್ಲಿ ವೇತನ ನಿಂತು ತಿಂಗಳುಗಳೇ ಕಳೆದಿರುತ್ತಿದ್ದವು.

1984ರ ಹೊತ್ತಿಗೆ ಸುಮಾರು 12 ಲಕ್ಷ ಪ್ರಕರಣಗಳ ಪರಿಶೀಲನೆ ನಡೆದು, ಸುಮಾರು 4 ಲಕ್ಷ 90 ಸಾವಿರ ಮಂದಿಗೆ ವೇತನ ನಿಲ್ಲುತ್ತದೆಂಬ ಕಾಗದ ಹೋಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಮನೋರೋಗಿಗಳು. ವೇತನ ಪಡೆಯುವವರಲ್ಲಿ ಅವರ ಪಾಲು ನೂರಕ್ಕೆ 11ರಷ್ಟಿದ್ದರೆ, ವೇತನ ಕಳೆದುಕೊಂಡವರಲ್ಲಿ ಮೂರರಲ್ಲೊಂದು ಪಾಲು ಅವರದೇ ಆಗಿತ್ತು. ಕೈಕಾಲು ನೆಟ್ಟಗಿದೆ, ವಯಸ್ಸು ಚಿಕ್ಕದು, ಆದ್ದರಿಂದ ಯಾವುದಾದರೂ ಸರಳ ಕೆಲಸ ಮಾಡಬಲ್ಲ ಎಂಬುದು ಇಲಾಖೆಯ ತರ್ಕ. ಆ ಕಾಗದದ ಅರ್ಥವೇನು, ಎಷ್ಟು ದಿನದೊಳಗೆ ಉತ್ತರಿಸಬೇಕು ಎಂದು ತಿಳಿಯುವ ಸ್ಥಿತಿಯಲ್ಲೂ ಅವರಲ್ಲಿ ಹಲವರು ಇರಲಿಲ್ಲ. ಕೆಲವರು ಮನೆ ಕಳೆದುಕೊಂಡರು, ಆತ್ಮಹತ್ಯೆಗಳೂ ವರದಿಯಾದವು. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟಂತಾಯಿತು.

ಆದರೆ ಎಲ್ಲರೂ ಸುಮ್ಮನಿರಲಿಲ್ಲ. ಮಿನ್ನೆಸೋಟದ ಮಾನಸಿಕ ಆರೋಗ್ಯ ಸಂಘ ನ್ಯಾಯಾಲಯಕ್ಕೆ ಹೋಗಿ, 1982ರಲ್ಲಿ ಇಲಾಖೆಯ ಆ ತರ್ಕ ಕಾನೂನಿಗೆ ವಿರುದ್ಧವೆಂಬ ತೀರ್ಪು ಪಡೆಯಿತು. ನ್ಯೂಯಾರ್ಕ್ ನಗರವೂ ದಾವೆ ಹೂಡಿತು. ಮೇಲ್ಮಟ್ಟದ ಕೆಲವು ನ್ಯಾಯಾಲಯಗಳು, ರೋಗ ಸುಧಾರಿಸಿದ್ದನ್ನು ತೋರಿಸದೆ ವೇತನ ನಿಲ್ಲಿಸಬಾರದೆಂದವು. ಇಲಾಖೆ ಆ ತೀರ್ಪುಗಳನ್ನು ದಾವೆ ಹೂಡಿದವರ ಮಟ್ಟಿಗಷ್ಟೇ ಪಾಲಿಸಿ, ಉಳಿದವರ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿಯಿತು. ಕಡತ ನೋಡುವ ಕೆಲಸ ರಾಜ್ಯ ಸರ್ಕಾರಗಳದಾಗಿತ್ತಷ್ಟೆ. ಕೊನೆಗೆ ಆ ರಾಜ್ಯಗಳೇ ತಿರುಗಿಬಿದ್ದವು. 1984ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು, ತಾವಾಗಿಯೋ ನ್ಯಾಯಾಲಯದ ಆಜ್ಞೆಯಿಂದಲೋ, ಇಲಾಖೆಯ ನಿಯಮದಂತೆ ವೇತನ ನಿಲ್ಲಿಸುವುದನ್ನು ಬಿಟ್ಟಿದ್ದವು.

ಬೆನವಿಡೆಜ್ ಅವರ ಪ್ರಕರಣ ಹೊರಬಿದ್ದದ್ದು ಈ ನಡುವೆ. 1983ರ ಜೂನ್‌ನಲ್ಲಿ ಅವರು ಪದಕ ಧರಿಸಿ, ವೃದ್ಧರ ಹಿತಕ್ಕಾಗಿದ್ದ ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ತನ್ನಂಥವನಿಗೇ ಹೀಗಾದರೆ ಉಳಿದವರ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ದೇಶವೇ ಬೆಚ್ಚಿತು. ಅದೇ ತಿಂಗಳು ಇಲಾಖೆಯ ಮಂತ್ರಿ ಮಾರ್ಗರೆಟ್ ಹೆಕ್ಲರ್ ಕೆಲವು ಸಡಿಲಿಕೆಗಳನ್ನು ಪ್ರಕಟಿಸಿದರು. ಬೆನವಿಡೆಜ್ ಅವರಿಗೆ ಅಪೀಲಿನಲ್ಲಿ ವೇತನ ಮರಳಿ ದೊರೆಯಿತು. 1984ರ ಏಪ್ರಿಲಿನಲ್ಲಿ ಮರುಪರಿಶೀಲನೆಯನ್ನೇ ದೇಶದಾದ್ಯಂತ ತಡೆಹಿಡಿಯಲಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಕಾಯಿದೆ ಬಂತು. ಪ್ರತಿನಿಧಿ ಸಭೆಯಲ್ಲಿ ಪರವಾಗಿ 402 ಮತ, ಸೆನೆಟಿನಲ್ಲಿ 99. ವಿರೋಧವಾಗಿ ಎರಡರಲ್ಲೂ ಒಂದೂ ಇಲ್ಲ. ಅಕ್ಟೋಬರ್ 9ರಂದು ಅದಕ್ಕೆ ಸಹಿ ಹಾಕಿದವರು ಅದೇ ರೇಗನ್. ರೋಗ ಸುಧಾರಿಸಿದೆ, ಈಗ ದುಡಿಯಬಲ್ಲ ಎಂಬುದಕ್ಕೆ ಪುರಾವೆಯಿಲ್ಲದೆ, ಕೆಲವು ಅಪವಾದಗಳನ್ನು ಬಿಟ್ಟರೆ, ವೇತನ ನಿಲ್ಲಿಸುವಂತಿಲ್ಲ ಎಂಬುದು ಅದರ ತಿರುಳು. ಹಲವು ಸಣ್ಣ ರೋಗಗಳಿದ್ದರೆ ಅವುಗಳ ಒಟ್ಟು ಭಾರವನ್ನು ತೂಗಬೇಕು, ಮನೋರೋಗದ ಅಳತೆಗೋಲನ್ನು ಹೊಸದಾಗಿ ರಚಿಸಬೇಕು ಎಂದೂ ಅದು ವಿಧಿಸಿತು. ನ್ಯೂಯಾರ್ಕಿನ ದಾವೆಯಲ್ಲಿ 1986ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಇಲಾಖೆ ತನ್ನ ನಿಯಮವನ್ನು ಗುಟ್ಟಾಗಿಟ್ಟಿದ್ದರಿಂದ ಅಪೀಲಿನ ಅವಧಿ ಮೀರಿದವರಿಗೂ ನ್ಯಾಯ ಸಿಗಬೇಕೆಂದು ಒಮ್ಮತದಿಂದ ಹೇಳಿತು. ಅಲ್ಲಿ ಇಂದಿಗೂ ಮರುಪರಿಶೀಲನೆ ನಡೆಯುತ್ತದೆ. ಆದರೆ ಗುಣವಾಗುವ ಸಂಭವ ಎಷ್ಟೆಂಬುದನ್ನು ನೋಡಿ ಅವಧಿ ಗೊತ್ತುಮಾಡುತ್ತಾರೆ.

ಮುಂಬಯಿಯ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ 'ಮೆಡಿಕಲ್ ಬೋರ್ಡು' ಎಂಬ ಮಾತು ಹೊಸದಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯ ಕಾಲದಿಂದಲೂ, ಕಳೆದುಕೊಂಡ ಬೆರಳಿಗೆ ಇಷ್ಟು, ಕೈಗೆ ಇಷ್ಟು ಎಂದು ದೇಹದ ನಷ್ಟವನ್ನು ನೂರರ ಲೆಕ್ಕದಲ್ಲಿ ಅಳೆಯುವುದು ನಮ್ಮಲ್ಲೂ ಬಂದಿದೆ. ಅಳೆಯುವುದು ಅನಿವಾರ್ಯ. ಆದರೆ ಒಮ್ಮೆ ಅಳೆದು ಒಪ್ಪಿದ ಮೇಲೆ, ಅದನ್ನು ಅಲ್ಲಗಳೆಯುವ ಹೊಣೆ ಯಾರದು? ಹಾಸಿಗೆ ಹಿಡಿದವನದೋ, ಕಡತ ಹಿಡಿದವನದೋ? ಅಮೆರಿಕ ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ಮೂರೂವರೆ ವರ್ಷ ಬೇಕಾಯಿತು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಾಗದ ಬಂದವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಅಪೀಲಿನಿಂದ ವೇತನವನ್ನು ಮರಳಿ ಪಡೆದರು. ಅಪೀಲನ್ನೇ ಮಾಡದವರಲ್ಲಿ ನಿಜವಾಗಿ ಅಶಕ್ತರಾಗಿದ್ದವರು ಎಷ್ಟು ಮಂದಿಯೋ! ಬೆನವಿಡೆಜ್ ಅವರ ಕೊರಳಲ್ಲಿ ಪದಕವಿತ್ತು, ಆದ್ದರಿಂದ ಪತ್ರಿಕೆಗಳು ಕಿವಿಗೊಟ್ಟವು. ಅವರು 1998ರಲ್ಲಿ ತೀರಿಕೊಂಡ ಮೇಲೆ ನೌಕಾಪಡೆಯ ಹಡಗೊಂದಕ್ಕೆ ಅವರ ಹೆಸರನ್ನಿಟ್ಟರು. ಪದಕವಿಲ್ಲದವರಿಗೆ ಬೇಕಾಗಿದ್ದದ್ದು ಆ ಕಾಗದವನ್ನು ಓದಿ, ಇದಕ್ಕೆ ಇಷ್ಟು ದಿನದೊಳಗೆ ಹೀಗೆ ಉತ್ತರ ಬರೆಯೋಣ ಎನ್ನುವ ಒಬ್ಬ ನೆರೆಯವರು.

ಪರಭಾಷೆಯ ನಗರಗಳಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಂದ ಸರ್ಕಾರಿ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಸುಮ್ಮನಾದ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಮುಂದಿನ ಸಲ ಅಂಥವರ ಮನೆಗೆ ಹೋದಾಗ, ಕಾಫಿ ಕುಡಿದು ಏಳುವ ಮುನ್ನ, ಪಟದ ಹಿಂದೆ ಏನಾದರೂ ಇದೆಯೇ ಎಂದು ಕೇಳಿ ನೋಡೋಣ.